ಸವೆಯಬೇಕಾದ ಸತು

ಲಾಂಚುಕಟ್ಟೆ ಪಕ್ಕದ ಮನೆ
ಶನಿವಾರ, ಮಾರ್ಚ್ ೧೬

ಪ್ರೀತಿಯ ಅಪ್ಪಾ,

ಮೊಣಕಾಲು ಹೇಗಿದೆ? ಊತ ಇಳಿದಿದೆಯೇ? ಅಕ್ಕನ ಮನೆಯಲ್ಲಿ ಗೋಡೆ ಹಿಡಿಯದೆ ನಡೆಯುತ್ತಿದ್ದೀರಂತೆ, ಅವಳೇ ಹೇಳಿದಳು. ಅವಸರ ಬೇಡ ಅಪ್ಪಾ, ಡಾಕ್ಟರು ಹೇಳಿದಷ್ಟೇ ನಡೆಯಿರಿ. ಫೋನಿನಲ್ಲೇ ಎಲ್ಲ ಹೇಳಿಬಿಡೋಣ ಎಂದರೆ ಅಕ್ಕ ಲಾಂಚಿನ ಮಾತು ಬಂದ ಕೂಡಲೇ "ಅಪ್ಪಂಗೆ ಈಗ ಅದೆಲ್ಲ ತಲೆಗೆ ಹಚ್ಚಬೇಡ" ಎಂದು ಫೋನು ಕಿತ್ತುಕೊಳ್ಳುತ್ತಾಳೆ. ಅದಕ್ಕೇ ಈ ಪತ್ರ. ಕೂತುಕೊಂಡು ಓದಿ. ನಿಂತು ಓದಿದರೆ ಕುಣಿದುಬಿಟ್ಟೀರಿ!

ನಮ್ಮ ಮುದುಕಿ ಬದುಕಿದಳು ಅಪ್ಪಾ! ಲಾಂಚು ಗುಜರಿಗೆ ಹೋಗುತ್ತಿಲ್ಲ. ಆಸ್ಪತ್ರೆಗೆ ಹೊರಡುವಾಗ ನೀವು ಬಾಗಿಲಲ್ಲಿ ನಿಂತು, "ಇನ್ನು ಆ ಲಾಂಚಿನ ಆಸೆ ಬಿಡಿ, ಗುಜರಿಯವನನ್ನ ಕರೆಸಿ" ಎಂದಿರಲ್ಲ, ಆಗ ನಿಮ್ಮ ಮುಖ ನೋಡಲಾಗಲಿಲ್ಲ. ತಪಾಸಣೆಯ ಸಾಹೇಬರ ಸುತ್ತಿಗೆ ಹಿಂಬದಿಯ ತಗಡಿನೊಳಕ್ಕೆ ಹಪ್ಪಳಕ್ಕೆ ಬೆರಳು ಚುಚ್ಚಿದಂತೆ ಇಳಿದದ್ದನ್ನು ನಾನೂ ಕಣ್ಣಾರೆ ಕಂಡಿದ್ದೆ. ಪ್ರತಿ ವರ್ಷ ಕೆರೆದು ಬಣ್ಣ ಹಚ್ಚಿದರೂ ಅದೇ ಜಾಗ, ಅದೇ ಗುಳಿ. ವಯಸ್ಸಾಯಿತು ಎಂದುಕೊಂಡೆವು. ವಯಸ್ಸಲ್ಲ ಅಪ್ಪಾ, ಅದಕ್ಕೆ ಬೇರೆಯೇ ಕಾರಣವಿತ್ತು.

ಗುಜರಿಯವನು ಬರುವ ಮೊದಲು ಕಂಚಿನ ಪ್ರೊಪೆಲರನ್ನಾದರೂ ಬಿಚ್ಚಿಟ್ಟುಕೊಳ್ಳೋಣ ಎಂದು ವೆಲ್ಡಿಂಗ್ ಮೇಸ್ತ್ರಿಯನ್ನು ಕರೆಸಿದ್ದೆ. ಕಟ್ಟೆಗೆ ಎಳೆದಿಟ್ಟ ಲಾಂಚಿನ ಕೆಳಗೆ ನಾನು ಮಲಗಿ ಕೆರೆಯುತ್ತಿದ್ದಾಗ ಚುಕ್ಕಾಣಿಯ ಹತ್ತಿರ ಸೋಪಿನಂಥ ಒಂದು ಗಟ್ಟಿ ಕೈಗೆ ಸಿಕ್ಕಿತು. ಬಣ್ಣ ಎಬ್ಬಿಸಿದರೆ ಒಳಗೆ ಬೂದುಬಿಳಿಯ ಲೋಹ. ಮೇಸ್ತ್ರಿ ಬಗ್ಗಿ ನೋಡಿದವರೇ ತಲೆ ಮೇಲೆ ಕೈಹೊತ್ತರು. "ಅಯ್ಯೋ, ಇದು ಸತು ಕಣಮ್ಮಾ. ಕಂಚಿನ ಪ್ರೊಪೆಲರ್ ಹಾಕಿದಾಗ ನಾನೇ ಕೂರಿಸಿದ್ದು. ಇಷ್ಟೊತ್ತಿಗೆ ಕರಗಿ ಅರ್ಧ ಆಗಿರಬೇಕಿತ್ತು. ಹೊಸದರ ಥರಾನೇ ಇದೆಯಲ್ಲ!" ಹೊಸದರಂತಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಕೇಳಿದೆ. "ಒಳ್ಳೇದಾ? ಸಾಯಬೇಕಾದ್ದು ಸಾಯದೆ ಕೂತಿದ್ದಕ್ಕೇ ಬದುಕಬೇಕಾದ್ದು ಸಾಯ್ತಿದೆ!" ಎಂದರು.

ವಿಷಯ ಇಷ್ಟು. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ಮೈಗೆ ಮೈ ತಾಗಿಸಿಕೊಂಡಿದ್ದರೆ ಒಂದು ಸುಖವಾಗಿರುತ್ತದೆ, ಇನ್ನೊಂದು ಸವೆಯುತ್ತದೆ. ಕಂಚಿನ ಪಕ್ಕದಲ್ಲಿ ಸವೆಯುವ ಸರದಿ ಉಕ್ಕಿನದು. ಅವೆರಡರ ಜೊತೆ ಸತುವನ್ನು ಸೇರಿಸಿದರೆ ಅದು "ನನ್ನನ್ನ ತಿನ್ನು, ಅವಳನ್ನ ಬಿಡು" ಎಂದು ಮುಂದೆ ನಿಲ್ಲುತ್ತದೆ. ಆದರೆ ಅದಕ್ಕೆ ನೀರು ತಾಗಬೇಕು. ನಮ್ಮ ಬಣ್ಣದ ಮಾವ ಪ್ರತಿ ವರ್ಷ ಭಕ್ತಿಯಿಂದ ಅದಕ್ಕೂ ಎರಡೆರಡು ಕೋಟು ಬಳಿದು ಅದರ ಬಾಯಿ ಮುಚ್ಚಿದ್ದರು!

ಮಾವನಿಗೆ ಇದನ್ನು ಹೇಳುವುದೆಂದರೆ ಬೆಕ್ಕಿಗೆ ಗಂಟೆ ಕಟ್ಟಿದಂತೆ ಎಂಬುದು ನಿಮಗೆ ಗೊತ್ತು. "ಬಣ್ಣ ಹಚ್ಚಿದ್ದಕ್ಕೆ ತುಕ್ಕು ಹಿಡೀತಂತೆ! ಕೊಡೆ ಹಿಡಿದಿದ್ದಕ್ಕೆ ನೆಂದೆ ಅನ್ನು" ಎಂದು ಕೂಗಾಡಿದರು. ಅದಕ್ಕೆ ಅಡುಗೆಮನೆಯ ಕಿಟಕಿಯಲ್ಲಿ ಮೂರು ಲೋಟ ಉಪ್ಪುನೀರು ಇಟ್ಟೆ. ಒಂದರಲ್ಲಿ ಬರೀ ಮೊಳೆ, ಒಂದರಲ್ಲಿ ತಾಮ್ರದ ತಂತಿ ಸುತ್ತಿದ ಮೊಳೆ, ಒಂದರಲ್ಲಿ ಸತುವಿನ ಚೂರಿಗೆ ಬಿಗಿದ ಮೊಳೆ. ಅಮ್ಮ "ನನ್ನ ಲೋಟಗಳು ಹಾಳಾದವು" ಎಂದು ಗೊಣಗಿದಳು. ಆದರೆ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಇಣುಕುತ್ತಿದ್ದವಳು ಅವಳೇ. ತಾಮ್ರದ ಲೋಟದ ನೀರು ಎಲ್ಲಕ್ಕಿಂತ ಮೊದಲು ಕೆಂಪಾಯಿತು. ಬರೀ ಮೊಳೆ ನಿಧಾನವಾಗಿ ತುಕ್ಕು ಹಿಡಿಯಿತು. ಸತುವಿನ ಜೊತೆಗಿದ್ದ ಮೊಳೆ ಮಾತ್ರ ಅಂಗಡಿಯಿಂದ ತಂದಂತೆಯೇ ಇತ್ತು. ಸತುವಿನ ಮೇಲೆ ಬಿಳಿ ಬೂಷ್ಟು ಕಟ್ಟಿತ್ತು.

ಮಾವ ಆ ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೆರೆಯುವ ಉಳಿ ಎತ್ತಿಕೊಂಡು ನೇರ ಕಟ್ಟೆಗೆ ಹೋದರು. ನಾನು ಹಿಂದೆಯೇ ಓಡಿದೆ. ಲಾಂಚಿನ ಕೆಳಗೆ ಮಲಗಿಕೊಂಡೇ, "ಭಾವನ ಲಾಂಚಿಗೆ ನಾನೇ ಉರುಳಾದ್ನಲ್ಲೇ" ಎಂದರು. "ಮಾವಾ, ಮಿಕ್ಕ ಮೈಯೆಲ್ಲ ಇಷ್ಟು ವರ್ಷ ಗಟ್ಟಿಯಾಗಿರೋದು ನಿಮ್ಮ ಬಣ್ಣದಿಂದಲೇ" ಎಂದೆ. ಸಮಾಧಾನಕ್ಕೆ ಹೇಳಿದ್ದಲ್ಲ ಅಪ್ಪಾ, ಅದು ನಿಜ. ಕಬ್ಬಿಣದ ತುಕ್ಕು ಪೊರೆಪೊರೆಯಾಗಿ ಉದುರುತ್ತದೆ, ಒಳಗಿನದು ಮತ್ತೆ ಬಯಲಾಗುತ್ತದೆ. ಅದಕ್ಕೆ ಗಾಳಿ ನೀರು ತಾಗದಂತೆ ಬಣ್ಣ ಬೇಕೇ ಬೇಕು. ಲಾಂಚಿನ ಗಂಟೆಯ ಹಿತ್ತಾಳೆಗೆ ಬರುವ ಹಸಿರು ಕಿಲುಬು ಒರೆಸಿದರೆ ಹೋಗುತ್ತದೆ. ಲಾಂಚಿನ ಕಿಟಕಿಯ ಅಲ್ಯುಮಿನಿಯಂ ತನ್ನ ಮೇಲೆ ತಾನೇ ತೆಳು ಪೊರೆ ಹೊದ್ದುಕೊಳ್ಳುತ್ತದೆ. ಉಕ್ಕಿನ ಸ್ಕ್ರೂ ತಾಗಿದ ಕಡೆ ಮಾತ್ರ ಪುಡಿಯಾಗಿತ್ತು. ಅಲ್ಲೆಲ್ಲ ನಡುವೆ ರಬ್ಬರ್ ವಾಷರ್ ಹಾಕಿಸಿದೆ. ಒಂದೊಂದು ಲೋಹಕ್ಕೆ ಒಂದೊಂದು ಸ್ವಭಾವ, ನಮ್ಮ ಮನೆಯವರ ಹಾಗೆ!

ಆಮೇಲೆ ಕೆಲಸವೋ ಕೆಲಸ. ಮೇಸ್ತ್ರಿ ತಿಂದುಹೋದ ತಗಡು ಕತ್ತರಿಸಿ ಹೊಸದು ಬೆಸೆದರು. ಮಾವ ಹೊಳೆಯುವವರೆಗೆ ಉಜ್ಜಿ, ಮಂಜಿನ ತೇವ ಆರಿದ ಮೇಲಷ್ಟೇ ಪ್ರೈಮರ್ ಹಚ್ಚಿದರು. ಹೊಸ ಸತುವಿನ ಗಟ್ಟಿಗಳನ್ನು ನಾನೇ ಬಿಗಿದೆ. ಅವುಗಳ ಪಕ್ಕ ಮಾವ ದಪ್ಪಕ್ಷರದಲ್ಲಿ ಬರೆದಿದ್ದಾರೆ: "ಇದಕ್ಕೆ ಬಣ್ಣ ಹಚ್ಚಿದವನು ಕತ್ತೆ." ಗುಜರಿಯವನು ಬಂದ, ಓದಿದ, ನಕ್ಕು ಬರಿಗೈಲಿ ಹೋದ.

ನಿನ್ನೆ ಸಾಹೇಬರು ಬಂದರು. ಹಿಂಬದಿಯಿಂದಲೇ ಬಡಿಯಲು ಶುರುಮಾಡಿದರು. ಅಮ್ಮ ಸೆರಗು ಬಾಯಿಗೊತ್ತಿಕೊಂಡಿದ್ದಳು. ಠಣ್! ಇನ್ನೊಂದು ಕಡೆ, ಠಣ್! ಅಪ್ಪಾ, ಆ ಸದ್ದನ್ನು ಲಕೋಟೆಯಲ್ಲಿ ಹಾಕಿ ಕಳಿಸುವಂತಿದ್ದರೆ! "ಓಡಿಸಬಹುದು" ಎಂದರು ಸಾಹೇಬರು. ಮಾವ ಅವರನ್ನೇ ತಬ್ಬಿಕೊಂಡುಬಿಟ್ಟರು, ಕೈಯಲ್ಲಿ ಹಸಿ ಬಣ್ಣವಿದ್ದದ್ದು ಆಮೇಲೆ ಗೊತ್ತಾಯಿತು.

ಮಾತ್ರೆ ತಪ್ಪಿಸಬೇಡಿ. ಅಕ್ಕ, ಭಾವನಿಗೆ ನಮ್ಮೆಲ್ಲರ ನೆನಪು ತಿಳಿಸಿ. ಅಮ್ಮನಿಗೆ ನಿಮ್ಮದೇ ಧ್ಯಾನ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ನಿಮ್ಮ ಕಾಲಿಗೆ ಬಿದ್ದು, ಆ ಮೊಣಕಾಲಿಗೆ ತಾಗದ ಹಾಗೆ, ಆಶೀರ್ವಾದ ಬೇಡುವ

ನಿಮ್ಮ ವಟವಟ

ಮರೆತಿದ್ದೆ (ಮರೆತಿರಲಿಲ್ಲ, ಧೈರ್ಯ ಬರಲಿಲ್ಲ): ಲಾಂಚನ್ನು ನೀರಿಗಿಳಿಸಿದ ಮೇಲೆ "ನಡೆಸೋರು ಯಾರು?" ಎಂದು ಸಾಹೇಬರು ಕೇಳಿದರು. ಲಾಂಚು ಹತ್ತಿದರೆ ತಲೆಸುತ್ತು ಎನ್ನುವ ಅಮ್ಮ, "ನನ್ನ ಮಗಳು ನಡೆಸ್ತಾಳೆ, ಮೊದಲು ನಾನೇ ಕೂತ್ಕೋತೀನಿ" ಎಂದು ಹತ್ತಿ ಕೂತೇಬಿಟ್ಟಳು. ಸಾಹೇಬರು ನನ್ನಿಂದ ಆಚೆ ದಡದವರೆಗೆ ಓಡಿಸಿ, ಉಬ್ಬರ ಇಳಿಯುವಾಗಿನ ಸೆಳೆತದಲ್ಲೇ ತಿರುಗಿಸಿ ನೋಡಿ, ಸರಿ ಎಂದರು. ಸೋಮವಾರ ಶಾಲೆಯ ಮಕ್ಕಳ ಮೊದಲ ದಾಟು ನನ್ನದು. ನೀವು ಬೇಡ ಎನ್ನಬಹುದು ಅಪ್ಪಾ. ಆದರೆ ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ನಾನು ನೀರಿನ ನಡುವೆ ಇರುತ್ತೇನೆ.