ಪುಚ್ಚೆಯ ಪುಸ್ತಕದಲ್ಲಿದ್ದ ಹೆಸರು

ಕಡಬ
೨೯ ಏಪ್ರಿಲ್ ೨೦೨೫, ಮಂಗಳವಾರ

ಪ್ರೀತಿಯ ಸುಪ್ರಿತಾ,

ಶಾರ್ಜಾದಲ್ಲಿ ಏಳು ವರ್ಷ ಎದುರುಬದುರು ಬಾಗಿಲಲ್ಲಿದ್ದೆವು, ಒಂದು ಚೀಟಿಯನ್ನೂ ಬರೆದುಕೊಳ್ಳುವ ಅಗತ್ಯ ಬಿದ್ದಿರಲಿಲ್ಲ. ಈಗ ಕಾಗದ ಹೇಗೆ ಶುರು ಮಾಡುವುದೆಂದೇ ತಿಳಿಯುತ್ತಿಲ್ಲ. ನಿನಗೂ ಮಗುವಿಗೂ ಸೌಖ್ಯವೆಂದು ನಂಬಿದ್ದೇನೆ. ಮರ್ಕಂಜದಿಂದ ನಿನ್ನ ಅಮ್ಮ ಮೊನ್ನೆ ಬಂದು ನನ್ನನ್ನು ನೋಡಿ ಹೋದರು. ಹಲಸಿನ ಹಪ್ಪಳದ ಒಂದು ಕಟ್ಟು ನಿನಗೆಂದು ಕೊಟ್ಟಿದ್ದಾರೆ. ಅದನ್ನೂ ಈ ಕಾಗದವನ್ನೂ ಉಪ್ಪಿನಂಗಡಿಯ ಸಫೀರ್ ನಾಳೆಯ ವಿಮಾನದಲ್ಲಿ ತರುತ್ತಾನೆ. ಇದರೊಳಗೆ ಹೆಸರು ತಿದ್ದುವ ಫಾರ್ಮ್ ಕೂಡ ಉಂಟು. ಕೊರಿಯರಿನವನು ತಡ ಮಾಡಿದ, ನಿನ್ನೆಯಷ್ಟೇ ನನ್ನ ಕೈ ಸೇರಿತು.

ನಾಡಿದ್ದಿಗೆ ನನ್ನ ಇದ್ದತ್ ಮುಗಿಯುತ್ತದೆ. ಗಂಡ ತೀರಿಕೊಂಡ ಮೇಲೆ ನಾವು ಮನೆಯೊಳಗೇ ಕಳೆಯಬೇಕಾದ ನಾಲ್ಕು ತಿಂಗಳು ಹತ್ತು ದಿನ ಅದು. ತಮ್ಮ ಝಾಕಿರನ ಬಾಡಿಗೆ ಮನೆಯ ಮಹಡಿ ಕೋಣೆಯಲ್ಲಿದ್ದೇನೆ. ಕೆಳಗೆ ಜೀಪಿನವರು ಬೆಳಗ್ಗಿನಿಂದ "ಮರ್ದಾಳ, ಬಿಳಿನೆಲೆ, ಮರ್ದಾಳ, ಬಿಳಿನೆಲೆ" ಎಂದು ಕರೆಯುತ್ತಿರುತ್ತಾರೆ. ಕಿಟಕಿಗೆ ಪರದೆ ಇದೆ. ಹಗಲೆಲ್ಲ ಡೈರಿಯಲ್ಲಿ ಏನಾದರೂ ಗೀಚುತ್ತೇನೆ. ಹೆಚ್ಚಿನ ದಿನಗಳಲ್ಲಿ ಒಂದು ಸಾಲಿಗಿಂತ ಮುಂದೆ ಹೋಗುವುದಿಲ್ಲ.

ಈಗ ನಿನ್ನ ಹತ್ತಿರ ಬಿಟ್ಟು ಬಂದ ಬೆಕ್ಕಿನ, ನಮ್ಮ ಪುಚ್ಚೆಯ, ವಿಷಯ. ಅವನು ಮಂಚದಡಿಯಿಂದ ಹೊರಗೆ ಬರುವುದಿಲ್ಲವೆಂದು ಹೇಳಿದೆಯಲ್ಲ, ಎಳೆಯಬೇಡ. ಬಂಗುಡೆ ಬೇಯಿಸಿ, ಉಪ್ಪು ಹಾಕದೆ, ಮುಳ್ಳು ತೆಗೆದು ಬಾಗಿಲ ಹತ್ತಿರ ಇಟ್ಟು ನೀನು ಅಡುಗೆಮನೆಗೆ ಹೋಗು. ನೋಡುತ್ತ ನಿಂತರೆ ತಿನ್ನುವುದಿಲ್ಲ. ನೀನು ಕೆಲಸಕ್ಕೆ ಹೋಗುವಾಗ ಏಸಿ ಇಪ್ಪತ್ತಾರರಲ್ಲಿ ಇರಲಿ, ಪೂರ್ತಿ ಆರಿಸಬೇಡ. ಒಮ್ಮೆ ಏಸಿ ಕೆಟ್ಟ ದಿನ ಅವನು ಬಚ್ಚಲಿನ ಟೈಲ್ಸಿನ ಮೇಲೆ ನಾಲಿಗೆ ಹೊರಗೆ ಹಾಕಿ ಮಲಗಿದ್ದ. ಕಿಟಕಿಯ ಜಾಲರಿ ಬಿಗಿದಿದೆಯೇ ನೋಡು, ಏಳನೇ ಮಾಳಿಗೆ ಎಂಬುದು ಅವನಿಗೆ ತಿಳಿಯದು. ಅವನ ಕಕ್ಕಸಿನ ಮಣ್ಣನ್ನು ಎರಡು ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ ಬೆಳಗ್ಗೆ ಬೇಗ ಎಸೆದು ಬಿಡು, ಇಲ್ಲವಾದರೆ ವಾಚ್‌ಮನ್ ಗೊಣಗುತ್ತಾನೆ.

ಪ್ರಯಾಣದ ಪೆಟ್ಟಿಗೆಯನ್ನು ಇವತ್ತೇ ತೆರೆದು ಕೋಣೆಯ ಮೂಲೆಯಲ್ಲಿಡು. ಅದರಲ್ಲಿ ಮಲಗಿ ಅಭ್ಯಾಸವಾದರೆ ವಿಮಾನದಲ್ಲಿ ಹೆದರುವುದಿಲ್ಲವಂತೆ. ಹುಚ್ಚುನಾಯಿಯ ಇಂಜೆಕ್ಷನ್ ಆಗಿದೆ, ಕುತ್ತಿಗೆಯ ಚರ್ಮದಡಿ ಹಾಕಿದ ಗುರುತಿನ ಚಿಪ್ಪಿನ ನಂಬರ್ ಅವನ ಆಸ್ಪತ್ರೆ ಪುಸ್ತಕದ ಎರಡನೇ ಪುಟದಲ್ಲಿದೆ. ಸಂಜೆ ಐದೂವರೆಗೆ ಬಾಗಿಲ ಮುಂದೆ ಕೂತರೆ ಓಡಿಸಬೇಡ. ಏಳು ಗಂಟೆಗೆ ತಾನಾಗಿ ಎದ್ದು ಹೋಗುತ್ತಾನೆ. ನಮ್ಮವರು ಡ್ಯೂಟಿ ಮುಗಿಸಿ ಬರುವ ಹೊತ್ತು ಅದು, ನಿನಗೆ ಗೊತ್ತಲ್ಲ.

ಇಲ್ಲಿ ಉಮ್ಮನಿಗೆ ಇದೊಂದೂ ಹಿಡಿಸುವುದಿಲ್ಲ. "ಇಲ್ಲಿ ಪುಚ್ಚೆಗೆ ಬರಗಾಲವಾ ಜುವೀ? ಮೀನಿನ ಮಾರ್ಕೆಟಿನ ಹಿಂದೆ ಹೋದ್ರೆ ಇಪ್ಪತ್ತು ಸಿಗ್ತದೆ. ವಿಮಾನದಲ್ಲಿ ತರ್ಸುದು ಎಂತದಕ್ಕೆ, ಅದೇನು ಹಜ್ಜಿಗೆ ಹೋಗಿ ಬರುದಾ?" ಎನ್ನುತ್ತಾರೆ. ಝಾಕಿರ್ ನಗುತ್ತಾನೆ. ನಾನೂ ನಗುತ್ತೇನೆ.

ನಿನಗೆ ಗೊತ್ತಿರುವ ಕಥೆಯೇ, ಆದರೂ ನಾಲ್ಕು ತಿಂಗಳಿಂದ ಯಾರ ಹತ್ತಿರವೂ ಹೇಳಿಲ್ಲ, ಬರೆಯಲು ಬಿಡು. ಮೆಟ್ಟಿಲಡಿ ಸಿಕ್ಕಿದ ಮರಿಯನ್ನು ಅವರು ಪ್ರಾಣಿಗಳ ಆಸ್ಪತ್ರೆಗೆ ಒಯ್ದರು. ಕೌಂಟರಿನ ಹುಡುಗಿ ಹೆಸರು ಕೇಳಿದಳು. ನಮ್ಮ ಊರಿನಲ್ಲಿ ಪುಚ್ಚೆಗೆ ಯಾರು ಹೆಸರಿಡುತ್ತಾರೆ? ಕೇಳಿದ್ದು ತನ್ನದನ್ನೇ ಎಂದುಕೊಂಡು ಅವರು ತನ್ನ ಹೆಸರು ಹೇಳಿದರು. ಮತ್ತೆ ಮಾಲಕರ ಹೆಸರು ಕೇಳಿದಾಗ, ಮನೆಯಲ್ಲಿ ನೋಡಿಕೊಳ್ಳುವವಳು ಇವಳಲ್ಲವೇ ಎಂದು ನನ್ನದನ್ನು ಕೊಟ್ಟರು. ಪುಸ್ತಕದಲ್ಲಿ ಹಾಗೇ ಅಚ್ಚಾಯಿತು: ಹೆಸರು ಮುನವ್ವರ್, ಮಾಲಕರು ಜುವೈರಿಯಾ. ಮನೆಗೆ ಬಂದು ಅದನ್ನು ತೋರಿಸಿ, "ನೋಡು ಮಾರಾಯ್ತಿ, ಇನ್ನು ನಾನು ಎಲ್ಲಿಗೂ ಓಡುವ ಹಾಗಿಲ್ಲ. ಚಿಪ್ಪೂ ಹಾಕಿ ಆಯ್ತು" ಎಂದಿದ್ದರು. ನೀನು ನಿನ್ನ ಬಾಗಿಲಿನಿಂದ "ಮುನವ್ವರಿಗೆ ಊಟ ಆಯ್ತಾ?" ಎಂದು ಕೂಗುತ್ತಿದ್ದೆ. ಇಬ್ಬರೂ ತಿರುಗಿ ನೋಡುತ್ತಿದ್ದರು.

ಅವರ ವೀಸಾ ರದ್ದಾಯಿತು, ಗುರುತಿನ ಕಾರ್ಡ್ ರದ್ದಾಯಿತು, ಫೋನ್ ನಂಬರ್ ಈಗ ಯಾರದೋ. ಪಾಸ್‌ಪೋರ್ಟಿನ ಮೂಲೆ ಕತ್ತರಿಸಿ ನನ್ನ ಕೈಗೆ ಕೊಟ್ಟರು. ಅವರನ್ನು ಅಲ್ಲಿಯ ಮಣ್ಣಿನಲ್ಲೇ ಬಿಟ್ಟು ಬಂದೆ. ರದ್ದಾಗದೆ ಉಳಿದದ್ದು ಪುಚ್ಚೆಯ ಪುಸ್ತಕ ಒಂದೇ. ಈಗ ಪುಚ್ಚೆಯನ್ನು ಇಲ್ಲಿಗೆ ಕಳಿಸುವ ಏಜೆಂಟ್ ರಾಮಪ್ರಸಾದರು ಅದನ್ನೂ ತಿದ್ದಬೇಕು ಎನ್ನುತ್ತಾರೆ. ನನ್ನ ಅರ್ಜಿಯ ಜೊತೆ ಗಂಡನ ಮರಣಪತ್ರ ಇಡಬೇಕು, ತೀರಿಹೋದವರ ಹೆಸರೂ ಪೆಟ್ಟಿಗೆಯಲ್ಲಿರುವ ಪ್ರಾಣಿಯ ಹೆಸರೂ ಒಂದೇ ಆದರೆ ಫೈಲು ವಾಪಸು ಬರುತ್ತದಂತೆ. ಮೇ ಹತ್ತರೊಳಗೆ ಫಾರ್ಮ್ ಕೊಡದಿದ್ದರೆ ಈ ಬೇಸಗೆಗೆ ಆಗುವುದಿಲ್ಲ, ಸೆಕೆಯಲ್ಲಿ ವಿಮಾನದವರು ಪ್ರಾಣಿಗಳನ್ನು ಹತ್ತಿಸುವುದಿಲ್ಲ. ನೀನೂ ಜೂನಿನಲ್ಲಿ ಬೇರೆ ಕಟ್ಟಡಕ್ಕೆ ಹೋಗುವವಳು, ಅಲ್ಲಿ ಸಾಕುಪ್ರಾಣಿ ಬಿಡುವುದಿಲ್ಲ. ಮತ್ತೆ ಅವನು ಯಾವುದೋ ಗೂಡಿಗೆ ಹೋಗಬೇಕು. ನನಗೆ ಎಲ್ಲವೂ ಅರ್ಥವಾಗಿದೆ ಸುಪ್ರಿತಾ. ಸಹಿ ಹಾಕಿದ್ದೇನೆ.

ಪೆಟ್ಟಿಗೆ ಇಳಿಯುವ ದಿನ ಗೊತ್ತಾದರೆ ಝಾಕಿರನಿಗೆ ಫೋನ್ ಮಾಡು. ನಾನೇ ಹೋಗಿ ತರುತ್ತೇನೆ, ಆ ಹೊತ್ತಿಗೆ ನನಗೆ ಹೊರಗೆ ಹೋಗಬಹುದು. ನಿನ್ನ ಋಣ ದೊಡ್ಡದು ಎಂದರೆ ನೀನು ಬೈಯುತ್ತಿ, ಬರೆಯುವುದಿಲ್ಲ.

ನಿನ್ನ ಎದುರು ಬಾಗಿಲಿನ
ಜುವೈರಿಯಾ

ಮರೆತ ಮಾತು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಕೊರಿಯರಿನವನು ತಡ ಮಾಡಲಿಲ್ಲ ಪಾಪ. ಫಾರ್ಮ್ ಬಂದು ಮೂರು ವಾರವಾಯಿತು, ಡೈರಿಯೊಳಗೆ ಇಟ್ಟಿದ್ದೆ. ಹಳೆಯ ಹೆಸರಿನ ಮೇಲೆ ಗೆರೆಯನ್ನು ನಾನೇ ಎಳೆದಿದ್ದೇನೆ. ಹೊಸ ಹೆಸರಿನ ಜಾಗ ಖಾಲಿ ಇದೆ, ನೀನು ಏನಾದರೂ ಬರೆ. ನನ್ನ ಕೈಯಿಂದ ಆಗಲಿಲ್ಲ. ನಮ್ಮಲ್ಲಿ ಹೆಂಡತಿ ಗಂಡನನ್ನು ಹೆಸರು ಹಿಡಿದು ಕರೆಯುವ ಕ್ರಮ ಇಲ್ಲ. ಇಪ್ಪತ್ತೆರಡು ವರ್ಷ ನಾನು "ಕೇಳಿತಾ", "ಇಲ್ಲಿ ನೋಡಿ" ಎಂದೇ ಕಳೆದವಳು. ಪುಚ್ಚೆ ಬಂದ ಮೇಲೆ ದಿನಕ್ಕೆ ಹತ್ತು ಸಲ ಬಾಯಿ ತುಂಬ ಆ ಹೆಸರು ಕರೆದೆ. ಒಳಗಿನಿಂದ ಅವರು "ಎಂತ?" ಎಂದು ಕೇಳಿದರೆ "ನಿಮ್ಮನ್ನಲ್ಲ, ಪುಚ್ಚೆಯನ್ನು" ಎನ್ನುತ್ತಿದ್ದೆ. ಯಾವಾಗಲೂ ಪುಚ್ಚೆಯನ್ನೇ ಕರೆದದ್ದಲ್ಲ.