ಮಧ್ಯಾಹ್ನದ ಜ್ವರ

ಭಾನುವಾರ, ಊಟದ ನಂತರ

ಪ್ರೀತಿಯ ಹೆಡ್‌ಮೇಡಂಗೆ,

ನಾವೆಲ್ಲ ಚೆನ್ನಾಗಿದ್ದೇವೆ, ನೀನೂ ಚೆನ್ನಾಗಿದ್ದೀಯ ಎಂದು ನಂಬಿದ್ದೇನೆ ಅಂತ ಶುರು ಮಾಡಲು ಹೋದೆ. ಎರಡೂ ಸುಳ್ಳು. ಸುಳ್ಳು ಹೇಳಿ ಹೇಳಿ ಸಾಕಾಗಿಯೇ ಈ ಕಾಗದ ಹಿಡಿದು ಕೂತಿದ್ದೇನೆ, ಮೊದಲ ಸಾಲಿನಲ್ಲೇ ಮತ್ತೆ ಅದೇ ಚಾಳಿ ಬೇಡ.

ಎರಡು ಬೀದಿ ಆಚೆ ಇರುವವಳಿಗೆ ಕಾಗದ ಯಾಕೆ ಅಂತ ನೀನು ಹುಬ್ಬು ಗಂಟಿಕ್ಕುತ್ತೀಯ. ಬೆಳಿಗ್ಗೆ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿನ್ನ ಬಾಗಿಲ ತನಕ ಬಂದಿದ್ದೆ. ಒಳಗೆ ನೀನು ಗೋಡೆ ಉಜ್ಜುವ ಸದ್ದು ಕೇಳಿಸಿತು. ಬಾಗಿಲು ತಟ್ಟಲು ಎತ್ತಿದ ಕೈ ಅಲ್ಲೇ ನಿಂತಿತು. ನೀನು ಎಂಥವಳು ಅಂತ ನನಗೆ ಗೊತ್ತಿಲ್ಲವೇ. ನಾನು ಅರ್ಧ ಮಾತು ಆಡುವಷ್ಟರಲ್ಲಿ ಟೀ ಕೈಗಿಟ್ಟು, ಬಿಡೇ, ಆಗಿದ್ದು ಆಯ್ತು ಅಂದುಬಿಡುತ್ತೀಯ. ನಾನೂ ಟೀ ಕುಡಿದು ಹಗುರಾಗಿ ಮನೆಗೆ ಬಂದುಬಿಡುತ್ತೇನೆ. ಹಾಗಾಗಬಾರದು. ಇದನ್ನು ನೀನು ಪೂರ್ತಿ ಓದಬೇಕು, ನಾನು ಎದುರಿಗೆ ಇರಬಾರದು.

ನಾಳೆಯಿಂದ ಮಕ್ಕಳನ್ನು ನೋಡಿಕೊಳ್ಳುವುದನ್ನೇ ನಿಲ್ಲಿಸುತ್ತೇನೆ ಅಂತ ನೀನು ಎಲ್ಲ ತಾಯಂದಿರಿಗೂ ಹೇಳಿ ಕಳಿಸಿದ್ದೀಯ. ನಿನ್ನ ಮನೆಯಲ್ಲಿ ಏನೋ ಇದೆ, ಅದು ನನ್ನ ಮಗನ ಮೈಗೆ ಹತ್ತಿದೆ, ಬೇರೆಯವರ ಮಕ್ಕಳಿಗೂ ಹತ್ತುವ ಮೊದಲು ಬಾಗಿಲು ಹಾಕುವುದೇ ಒಳ್ಳೆಯದು ಅಂತ. ನಿನ್ನ ಮನೆಯಲ್ಲಿ ಏನೂ ಇಲ್ಲ ಕಣೇ. ಇದ್ದದ್ದು ನನ್ನ ಅಡುಗೆಮನೆಯಲ್ಲಿ, ಸಕ್ಕರೆ ಡಬ್ಬಿಯ ಹಿಂದೆ, ಒಂದು ಜ್ವರದ ಸಿರಪ್ಪಿನ ಬಾಟಲಿ. ದಿನಾ ಬೆಳಿಗ್ಗೆ ನಿನ್ನ ಹತ್ತಿರ ಹೊರಡುವ ಮೊದಲು ಅವನ ಬಾಯಿಗೆ ಒಂದು ಚಮಚ ಹಾಕುತ್ತಿದ್ದೆ.

ಇಷ್ಟು ಬರೆದ ಮೇಲೆ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ನಿನ್ನ ಮನೆಯ ಕಟ್ಟಳೆ ನನಗೆ ಬಾಯಿಪಾಠ. ಹೊಸಿಲಲ್ಲಿ ನಿಂತು ಒಂದೊಂದು ಮಗುವಿನ ಹಣೆಗೂ ಮುಂಗೈ ತಾಗಿಸಿ ನೋಡುತ್ತೀಯ. ಬೆಚ್ಚಗಿದ್ದರೆ ತಾಯಿ ಎಷ್ಟು ಗೋಗರೆದರೂ ಒಳಗೆ ಬಿಡುವುದಿಲ್ಲ. ನಾವು ಶಾಲೆಯಲ್ಲಿದ್ದಾಗ ಕ್ಲಾಸ್ ಲೀಡರಾಗಿ ಉಗುರು ಪರೀಕ್ಷೆ ಮಾಡುತ್ತಿದ್ದೆಯಲ್ಲ, ಅದೇ ಠೀವಿ. ಅದಕ್ಕೇ ತಾನೇ ಹೆಡ್‌ಮೇಡಂ ಎಂಬ ಹೆಸರು ನಿನಗೆ ಇನ್ನೂ ಅಂಟಿಕೊಂಡಿರುವುದು. ನಿನ್ನ ಆ ಮುಂಗೈಯನ್ನು ದಾಟಿಸಲೆಂದೇ ಆ ಚಮಚ. ನೀನು ಮುಟ್ಟಿ, ತಣ್ಣಗಿದಾನೆ ನನ್ನ ದುಂಡಣ್ಣ, ಬಾ ಒಳಗೆ ಅಂತ ಅವನ ಕೆನ್ನೆ ಹಿಂಡುತ್ತಿದ್ದೆ. ನಾನು ತಿರುಗಿಯೂ ನೋಡದೆ ಬಸ್ಸಿಗೆ ಓಡುತ್ತಿದ್ದೆ.

ಮದುವೆಗಳ ಕಾಲ, ಅಂಗಡಿಯಲ್ಲಿ ಕೇಕಿನ ಮೇಲೆ ಕೇಕು. ಮೊದಲ ಸಲ ಜ್ವರ ಬಂದಾಗ ರಜ ಕೇಳಿದೆ. ಕೊಟ್ಟರು. ಬಿಟ್ಟು ಬಿಟ್ಟು ಮತ್ತೆ ಬಂತು. ಮತ್ತೆ ಕೇಳಿದಾಗ ನಮ್ಮ ಯಜಮಾನಿ ಕ್ರೀಮು ಕಲಸುತ್ತಲೇ, ಹಾಕಮ್ಮ, ಹಾಕು, ಹೆಸರು ಬರೆಯೋ ಕ್ರೀಮಿನ ಕೋನನ್ನ ಆ ಹೊಸ ಹುಡುಗಿ ಕೈಗೆ ಕೊಡ್ತೀನಿ, ನೀನು ಬಂದ ಮೇಲೆ ಕೇಕಿನ ಡಬ್ಬಿ ಕಟ್ಟು ಅಂದರು. ಹೊಟ್ಟೆಪಾಡು ಅಂತ ಬರೆದರೆ ನೀನು ನಂಬುತ್ತೀಯ, ಅಯ್ಯೋ ಪಾಪ ಅಂತಲೂ ಅನ್ನುತ್ತೀಯ. ಆದರೆ ಡಬ್ಬಿ ಕಟ್ಟಿದರೂ ನನಗೆ ಸಿಗುವುದು ಅದೇ ಸಂಬಳ. ಕೇಕಿನ ಮೇಲೆ ಹೆಸರು ಬರೆಯುವುದೊಂದೇ ಈ ಜನ್ಮದಲ್ಲಿ ನಾನು ಬೇರೆಯವರಿಗಿಂತ ಚೆನ್ನಾಗಿ ಮಾಡುವ ಕೆಲಸ. ಜನ ಬಂದು ಆ ದುಂಡು ಅಕ್ಷರದವರೇ ಬರೆಯಲಿ ಅಂತ ಕೇಳುತ್ತಾರೆ. ಆ ಕೋನನ್ನು ಇನ್ನೊಬ್ಬಳ ಕೈಗೆ ಕೊಡಲು ನನಗೆ ಹೊಟ್ಟೆಕಿಚ್ಚು. ಕಾರಣ ಇಷ್ಟೇ, ಇದಕ್ಕಿಂತ ದೊಡ್ಡದೇನೂ ಇಲ್ಲ.

ಇವತ್ತೊಂದು ದಿನ ಅಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಮಕ್ಕಳಿಗೆ ಜ್ವರ ಬರುತ್ತದೆ, ಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಹೋಗಲಿಲ್ಲ. ಬೆಳಗಿನ ಚಮಚದ ಕಸುವು ಇಳಿಯುವುದು ಮಧ್ಯಾಹ್ನಕ್ಕೆ, ಅವನು ನಿನ್ನ ಮಡಿಲಲ್ಲಿ ಇರುವಾಗ. ನಮ್ಮ ಮನೆಯಲ್ಲಿ ತಣ್ಣಗಿರುವ ಮಗು ನಿನ್ನ ಮನೆಯಲ್ಲಿ ಕೆಂಡ. ನೀನು ಫೋನಿನಲ್ಲಿ, ಬೆಳಿಗ್ಗೆ ಸರಿಯಾಗೇ ಇದ್ದ ಕಣೇ, ನನ್ನ ಮನೆಗೆ ಬಂದ ಮೇಲೇ ಯಾಕೆ ಹೀಗಾಗತ್ತೆ ಅಂತ ಕೇಳುತ್ತಿದ್ದೆ. ನಾನು ಕೋನು ಹಿಡಿದುಕೊಂಡೇ, ಅದೇ ನನಗೂ ಅರ್ಥ ಆಗ್ತಿಲ್ಲ ಅಂದೆ. ಒಂದು ಚಮಚ ಸಿರಪ್ಪು ಹಾಕಲಾ ಅಂತ ನೀನು ಕೇಳಿದೆ. ಬೇಡ, ಒದ್ದೆ ಬಟ್ಟೆ ಹಾಕು ಸಾಕು ಅಂದೆ ನಾನು. ಔಷಧಿ ಮೇಲಿಂದ ಮೇಲೆ ಆಗಿಬಿಟ್ಟರೆ ಎಂದು ನನಗೆ ಹೆದರಿಕೆ. ನಿನಗೆ ಅನ್ನಿಸಿದ್ದೇ ಬೇರೆ. ನನ್ನ ಕೈಲಿ ಔಷಧಿ ಕೊಡಿಸೋಕೂ ನಿನಗೆ ನಂಬಿಕೆ ಇಲ್ವಾ ಅಂತ ಒಂದು ಸಂಜೆ ನೀನು ಕೇಳಿದೆ. ನಾನು ಮಗುವಿನ ಟೋಪಿ ಕಟ್ಟಿ ಹೊರಟೆ.

ಆಮೇಲೆ ನೀನು ಮನೆಯ ಮೇಲೆ ಯುದ್ಧ ಹೂಡಿದೆ. ಜಮಖಾನೆ ಅಟ್ಟ ಸೇರಿತು, ಮೆತ್ತನೆಯ ಗೊಂಬೆಗಳೂ ಸೇರಿದವು, ನೀರಿನ ಟ್ಯಾಂಕಿಗೆ ನೀನೇ ಇಳಿದು ಉಜ್ಜಿದೆ. ಕೊನೆಗೆ ನಿನ್ನ ಬೆಕ್ಕು ಬೂದಿಯನ್ನು ಎತ್ತಿಕೊಂಡು ಹೋಗಿ ಮೀನಂಗಡಿಯವನಿಗೆ ಕೊಟ್ಟು ಬಂದೆ. ಬೆಕ್ಕುಗಳಲ್ಲಿ ಅದಕ್ಕಿಂತ ಸೋಮಾರಿಯನ್ನು ನಾನು ಕಂಡಿಲ್ಲ, ಇಲಿ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಆದರೂ ನೀನು ಅಡುಗೆ ಮಾಡುವಾಗ ಅದರ ಜೊತೆ ಮಾತಾಡುತ್ತಿದ್ದೆ ಅಂತ ನನಗೆ ಗೊತ್ತು. ಅದನ್ನು ಕಳಿಸಿದ ಮಾರನೆಯ ದಿನದಿಂದ ಜ್ವರ ಮಧ್ಯಾಹ್ನ ಬಿಟ್ಟು ಸಂಜೆಗೆ ಸರಿಯಿತು. ನೋಡಿದ್ಯಾ, ಬೆಕ್ಕೇ ಕಾರಣ ಅಂತ ನೀನು ಕಣ್ಣು ಒರೆಸಿಕೊಂಡು ನಕ್ಕೆ. ಇರಬಹುದು ಅಂದೆ ನಾನು.

ಬೆಕ್ಕು ಹೋಗುವುದಕ್ಕೂ ಮೊದಲು ಒಮ್ಮೆ ಡಾಕ್ಟರಮ್ಮನ ಹತ್ತಿರ ನೀನೂ ಜೊತೆಗೆ ಬಂದಿದ್ದೆ. ಬೆಳಿಗ್ಗೆ ಇಲ್ಲದ ಜ್ವರ ಮಧ್ಯಾಹ್ನ ಏರುವುದು ಅವರಿಗೂ ಒಗಟಾಯಿತು. ಬೆಳಿಗ್ಗೆ ಏನಾದ್ರೂ ಔಷಧಿ ಕೊಡ್ತೀರಾ ಅಂತ ನೇರವಾಗಿ ಕೇಳಿದರು. ನೀನು ಪಕ್ಕದಲ್ಲೇ ಇದ್ದೆ. ಇಲ್ಲ ಅಂದೆ ನಾನು. ಅವರು ರಕ್ತ ಪರೀಕ್ಷೆಗೆ ಬರೆದರು. ಆ ಪುಟ್ಟ ತೋಳಿನಲ್ಲಿ ನರ ಸಿಗದೆ ಮತ್ತೆ ಮತ್ತೆ ಚುಚ್ಚಿದರು. ಅವನ ಕೈ ಹಿಡಿದವಳು ನೀನು, ಹಾಡು ಹೇಳಿದವಳು ನೀನು. ನಾನು ಗೋಡೆ ಕಡೆ ತಿರುಗಿ ನಿಂತಿದ್ದೆ. ತಾಯಿ ಕರುಳು, ನೋಡಕ್ಕಾಗಲ್ಲ ಪಾಪ ಅಂತ ನೀನು ಆ ನರ್ಸಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ನನಗೆ ನೋಡಲಾಗದೆ ಇದ್ದದ್ದು ಮಗುವಿನ ತೋಳನ್ನಲ್ಲ, ನಿನ್ನ ಮುಖವನ್ನು. ಫಲಿತಾಂಶದಲ್ಲಿ ಹಿಡಿಯುವಂಥದ್ದು ಏನೂ ಬರಲಿಲ್ಲ.

ನಮ್ಮವರು ಲಾರಿ ನಿಲ್ಲಿಸಿದಲ್ಲೆಲ್ಲ ಫೋನು ಮಾಡಿ ಮಗು ಹೇಗಿದೆ ಅಂತ ಕೇಳುತ್ತಿದ್ದರು. ಒಂದು ದಿನ, ಅವಳ ಮನೆ ಸ್ವಲ್ಪ ಥಂಡಿ ಅಂತ ಕಾಣುತ್ತೆ ಅಂದುಬಿಟ್ಟೆ. ಅದನ್ನೂ ಬರೆದೇ ಬಿಡುತ್ತೇನೆ, ನಿನಗೆ ಬೇರೆಯವರ ಬಾಯಿಂದ ತಿಳಿಯುವುದು ಬೇಡ.

ಇಷ್ಟೆಲ್ಲ ನುಂಗಿಕೊಂಡವಳಿಗೆ ಶುಕ್ರವಾರ ಸಂಜೆಯದು ಮಾತ್ರ ಗಂಟಲಲ್ಲೇ ನಿಂತಿದೆ. ಮಗುವನ್ನು ಕರೆದುಕೊಂಡು ಹೋಗಲು ಬಂದಾಗ ನೀನು ಗೋಡೆ ತೊಳೆಯುತ್ತಿದ್ದೆ. ತೊಳೆಯುವ ಸೋಡಾ ತಿಂದು ನಿನ್ನ ಬೆರಳ ಸಂದಿಯೆಲ್ಲ ಸೀಳಿತ್ತು. ಬಕೆಟ್ಟು ಪಕ್ಕಕ್ಕಿಟ್ಟು ಎದ್ದು ನಿಂತು, ನನ್ನ ಮನೆಯಿಂದಲೇ ನಿನ್ನ ಮಗು ಹೀಗೆ ನರಳ್ತಿದೆ, ಕ್ಷಮಿಸೇ ಅಂದೆ. ನಾವು ಒಂದೇ ಬೆಂಚಿನಲ್ಲಿ ಕೂತಾಗಿನಿಂದ ನೀನು ಯಾರಿಗೂ ಆ ಮಾತು ಹೇಳಿದ್ದನ್ನು ನಾನು ಕೇಳಿಲ್ಲ, ತಪ್ಪು ನಿನ್ನದೇ ಇದ್ದಾಗಲೂ ಜಗಳ ಆಡಿ ಗೆದ್ದವಳು ನೀನು. ನಾನು ನಿನ್ನ ಭುಜದ ಮೇಲೆ ಕೈಯಿಟ್ಟು, ಪರವಾಗಿಲ್ಲ ಬಿಡು ಅಂದೆ. ಕ್ಷಮಿಸಿದೆ. ನಾನು ನಿನ್ನನ್ನು ಕ್ಷಮಿಸಿದೆ, ಕೇಳಿದೆಯಾ. ಮನೆಗೆ ಬಂದು ಮುಖ ತೊಳೆಯುವಾಗ ಕನ್ನಡಿ ಕಡೆ ನೋಡಲು ಆಗಲಿಲ್ಲ.

ಶನಿವಾರ ಬೆಳಿಗ್ಗೆ ಚಮಚ ತೆಗೆಯಲಿಲ್ಲ. ಅಂಗಡಿಗೆ ಫೋನು ಮಾಡಿ, ಕೋನು ಆ ಹುಡುಗಿಗೇ ಕೊಡಿ ಅಂದೆ. ಸ್ವಲ್ಪ ಹೊತ್ತಿಗೆ ಮಗು ಅಳಲು ಶುರು ಮಾಡಿತು, ಇಷ್ಟು ದಿನ ಅತ್ತ ಹಾಗಲ್ಲ. ಎಡಗಿವಿಯನ್ನು ಮುಷ್ಟಿಯಿಂದ ಗುದ್ದಿಕೊಳ್ಳುತ್ತಿದ್ದ. ನೀನು ಎಷ್ಟು ಸಲ ಹೇಳಿದ್ದೆ, ಅವನು ಕಿವಿನ ನನ್ನ ಹೆಗಲಿಗೆ ಒತ್ತಿಕೊಂಡೇ ಮಲಗ್ತಾನೆ, ಒಂದ್ಸಲ ತೋರಿಸೇ ಅಂತ. ಅದು ನಿನ್ನ ಮುದ್ದು, ಅವನ ನಾಟಕ ಅಂತ ನಾನು ನಕ್ಕಿದ್ದೆ. ಅಳು ತಟ್ಟನೆ ನಿಂತಿತು. ದಿಂಬಿನ ಮೇಲೆ ಕೀವು.

ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ, ಬಯ್ದಿದ್ದರೆ ಚೆನ್ನಾಗಿತ್ತು. ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಆ ಸಿರಪ್ಪು ಜ್ವರದ ಜೊತೆ ನೋವನ್ನೂ ಅಡಗಿಸುತ್ತೆ, ಅದಕ್ಕೇ ಮೊದಲ ಸಲ ಕಿವಿ ಮುಟ್ಟಿದಾಗ ಅವನು ಅಳಲಿಲ್ಲ, ಒಳಗೆ ಸ್ವಲ್ಪ ಕೆಂಪಿದ್ದದ್ದನ್ನ ನಾನೂ ಹೆಚ್ಚು ಅಂದುಕೊಳ್ಳಲಿಲ್ಲ ಅಂದರು. ಕಿವಿಯ ಪೊರೆ ತೂತಾಗಿದೆಯಂತೆ. ಸಾಮಾನ್ಯವಾಗಿ ತಾನಾಗೇ ಕೂಡಿಕೊಳ್ಳುತ್ತದಂತೆ. ಕೂಡಿದ ಮೇಲೆ ಸರಿಯಾಗಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸಬೇಕಂತೆ. ಈಗ ಬೇರೆ ಔಷಧಿ ಕೊಡುತ್ತಿದ್ದೇನೆ. ನನ್ನ ತೊಡೆಯ ಮೇಲೆ ಮಲಗಿದ್ದಾನೆ, ಮೈ ಇನ್ನೂ ಬೆಚ್ಚಗಿದೆ, ಆದರೆ ಅದು ನಿಜವಾದ ಬಿಸಿ. ಎಡಗಡೆಯಿಂದ ಮೆಲ್ಲಗೆ ಕರೆದು ನೋಡಿದೆ. ತಿರುಗಲಿಲ್ಲ. ನಿದ್ದೆ ಇರಬೇಕು ಎಂದುಕೊಂಡಿದ್ದೇನೆ.

ಜಮಖಾನೆ ಹಾಸು. ಗೊಂಬೆಗಳನ್ನು ಹೊರಗೆ ತೆಗೆ. ನಾಳೆ ಎಂದಿನ ಹೊತ್ತಿಗೆ ಬಾಗಿಲು ತೆರೆ, ದಯವಿಟ್ಟು. ನಿನ್ನಿಂದ ಯಾವ ಮಗುವಿಗೂ ಏನೂ ಆಗಿಲ್ಲ ಅಂತ ತಾಯಂದಿರಿಗೆ ಈ ಕಾಗದವನ್ನೇ ತೋರಿಸು, ನನ್ನ ಮಾನ ಉಳಿಸಲು ಹೋಗಬೇಡ. ಬೂದಿಯನ್ನು ತರಲು ಮೀನಂಗಡಿಗೆ ಹೋಗಿದ್ದೆ. ಬುಟ್ಟಿಯ ಪಕ್ಕ ಹೊಟ್ಟೆ ಮೇಲೆ ಮಾಡಿ ಮಲಗಿತ್ತು, ಕರೆದರೆ ಒಂದು ಕಣ್ಣು ತೆರೆದು ಮುಚ್ಚಿತು. ನೀನು ಕರೆದರೆ ಬಂದೀತು. ನನ್ನ ಮಗನನ್ನು ಇನ್ನು ಒಳಗೆ ಬಿಡು ಅಂತ ನಾನು ಕೇಳುವುದಿಲ್ಲ. ಕೇಳಲು ಬಾಯಿಲ್ಲ. ಅವನು ಎದ್ದಾಗಲೆಲ್ಲ, ಅತ್ತೆ ಅನ್ನಲು ಬಾರದೆ, ಅತ್ತಿ, ಅತ್ತಿ ಅಂತ ಬಾಗಿಲು ತೋರಿಸುತ್ತಾನೆ.

ಒಂದು ಮಾತ್ರ ನಂಬು. ಮಾಡಿದ್ದೆಲ್ಲ ನನ್ನ ಮನೆಯೊಳಗೆ ಮಾಡಿದೆ, ನಿನ್ನ ಹೊಸಿಲು ದಾಟಿಸಲಿಲ್ಲ.

ನಿನ್ನವಳು ಎಂದು ಬರೆಯಲು ಇನ್ನೂ ಬಿಡುವೆಯಾದರೆ, ನಿನ್ನವಳು,
ಉಗುರು ಪರೀಕ್ಷೆಯಲ್ಲಿ ಸದಾ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದವಳು

ತಾ. ಕ.: ನಿನ್ನ ಹೊಸಿಲು ದಾಟಿಸಲಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ಅದನ್ನು ಹೊಡೆದು ಹಾಕಬಹುದಿತ್ತು, ಆದರೆ ಎಲ್ಲ ಒಪ್ಪಿಕೊಳ್ಳುವ ಕಾಗದದಲ್ಲೂ ನನ್ನ ಕೈ ಏನು ಮಾಡುತ್ತದೆ ಅಂತ ನಿನಗೆ ಕಾಣಲಿ ಎಂದು ಬಿಟ್ಟಿದ್ದೇನೆ. ಜ್ವರ ಸಂಜೆಗೆ ಸರಿದದ್ದು ಬೆಕ್ಕು ಹೋದದ್ದರಿಂದಲ್ಲ. ಆ ವಾರದಿಂದ, ಊಟಕ್ಕೆ ಮೊದಲು ತಿನ್ನಿಸು ಅಂತ ಬಾಳೆಹಣ್ಣು ಕಿವುಚಿ ಡಬ್ಬಿಯಲ್ಲಿ ಕಳಿಸುತ್ತಿದ್ದೆನಲ್ಲ, ಎರಡನೆಯ ಚಮಚ ಅದರಲ್ಲಿತ್ತು. ಸ್ಟ್ರಾಬೆರಿ ವಾಸನೆ ಬರತ್ತಲ್ಲೇ ಅಂತ ನೀನು ಕೇಳಿದಾಗ, ನಮ್ಮ ಅಂಗಡಿಯ ಎಸೆನ್ಸು, ಹಾಗಾದರೆ ತಿನ್ನುತ್ತಾನೆ ಅಂದೆ. ನೀನೇ ನಿನ್ನ ಕೈಯಾರೆ ತಿನ್ನಿಸಿದೆ. ಶುಕ್ರವಾರ ಅವನು ಅರ್ಧ ಬಿಟ್ಟ, ಉಳಿದದ್ದನ್ನ ಆ ಎರಡು ಜಡೆ ಹುಡುಗಿ ನೆಕ್ಕಿ ನೆಕ್ಕಿ ತಿಂದಳು ಅಂತ ನೀನು ಖುಷಿಯಾಗಿ ಹೇಳಿದೆ. ಅವಳು ಚೆನ್ನಾಗಿದ್ದಾಳೆ, ಬೆಳಿಗ್ಗೆ ಬೀದಿಯಲ್ಲಿ ಆಡುವುದನ್ನು ನಿಂತು ನೋಡಿದೆ. ಆ ಅರ್ಧ ಚಮಚದಿಂದ ಭಯವಿಲ್ಲ ಅಂತ ಡಾಕ್ಟರಮ್ಮನೂ ಹೇಳಿದರು. ಆದರೂ ಅವಳ ತಾಯಿಯ ಬಾಗಿಲಿಗೆ ಇವತ್ತೇ ಹೋಗುತ್ತೇನೆ, ಅದಕ್ಕೆ ಮೊದಲು ನಿನಗೆ ಗೊತ್ತಿರಲಿ. ಶುಕ್ರವಾರದ ಡಬ್ಬಿ ನಿನ್ನ ಹತ್ತಿರವೇ ಉಳಿದಿದೆ. ಪ್ರತಿ ಸಲದ ಹಾಗೆ ಅದನ್ನು ತೊಳೆದು, ಒರೆಸಿ, ಕಳಿಸಬೇಡ.