ಪೆಟ್ಟಿಗೆಯ ಮುಂದೆ ರಾಜನ ಪಾರ್ಟು

೧೧-೧೧-೮೭, ಬುಧವಾರ. ಬೆಳಿಗ್ಗೆ ೭

ನೆರೆದ ಮಹಾಜನಗಳೇ, ಮುಂದಿದ್ದವರು ಕುಂದರ್ರಿ, ಹಿಂದಿನವರಿಗೂ ಕಾಣಲಿ... ಯಾರೂ ಇಲ್ಲ. ಗೋಡೆ, ಕನ್ನಡಿ, ಚಹಾದ ಬಸಿ. ನಲವತ್ತು ವರ್ಷ ನಾಟಕ ಕಂಪನಿಯಲ್ಲಿ ಕೂಗಿದ ಗಂಟಲು. ದಿನಚರಿ ತೆರೆದರೂ ಸಭೆ ಕೂಡಿಸುತ್ತದೆ.

ಇಂದೂ ಆಟೋದಲ್ಲಿ ಕೂತು ಜಾಹೀರಾತು ಕೂಗುವ ಕೆಲಸ. ವಡಗಾವಿಯ ಈರಣ್ಣ ಮಗ್ಗದ ಕೋಣೆ ಖಾಲಿ ಮಾಡಿ ವಿಡಿಯೋ ಗೇಮ್ ಇಟ್ಟಿದ್ದಾನೆ. ಟಿವಿಯೊಳಗೆ ಕೋಟೆ, ರಕ್ಕಸ, ಕತ್ತಿ. ಆ ಆಟಕ್ಕೇ ಹೊಸ ಭಾಗವಂತೆ, ರವಿವಾರ ಮುಂಬಯಿಯಿಂದ ಕ್ಯಾಸೆಟ್ ಬರುತ್ತದೆ. ಏನೇನು ಹೊಸದು ಎಂದು ಚೀಟಿ ಕೊಟ್ಟ — ಇನ್ನೆರಡು ಕೋಟೆ, ಹಾರುವ ಕುದುರೆ, ಮಾಟಗಾತಿ. ರಾಜನೋ ಮಂತ್ರವಾದಿಯೋ ಕಳ್ಳನೋ, ಆಡುವವನು ತನ್ನ ಪಾರ್ಟು ತಾನೇ ಆರಿಸಿಕೊಳ್ಳಬಹುದು.

ಪಾರ್ಟು. ಆ ಶಬ್ದ ಓದಿದ್ದೇ ನಾಲಿಗೆ ಹಿಡಿತ ತಪ್ಪಿತು. ನಿನ್ನೆ ಆಟೋದ ಭೋಂಗಾದಲ್ಲಿ ಕೂಗುವಾಗ ಸೇರಿಸಿಬಿಟ್ಟೆ — ಮಾತೂ ನಿಮ್ಮದೇ, ನೀವು ನುಡಿದರೆ ಪೆಟ್ಟಿಗೆ ಕೇಳುತ್ತದೆ, ರಕ್ಕಸ ಉತ್ತರ ಕೊಡುತ್ತಾನೆ ಎಂದು. ಚೀಟಿಯಲ್ಲಿ ಅದಿರಲಿಲ್ಲ. ಕಂಪನಿಯಲ್ಲೂ ಹೀಗೇ. ಬೆಳಿಗ್ಗೆ ಬೀದಿಯಲ್ಲಿ ಇಲ್ಲದ ಸೀನು ಕೂಗುವುದು, ಸಂಜೆಯೊಳಗೆ ಯಾರಿಗಾದರೂ ಬಣ್ಣ ಹಚ್ಚಿ ಆ ಸೀನು ಹುಟ್ಟಿಸುವುದು. ಕೂಗಿದ್ದು ಎಂದೂ ಸುಳ್ಳಾಗಿರಲಿಲ್ಲ.

೧೩, ಶುಕ್ರವಾರ

ಖಾನಾಪುರ ಮುಗಿಸಿ ಗುಂಜಿ. ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ. ಸ್ಟೇಷನ್ ಬೆಂಚಿನ ಮೇಲೆ ಮೈಲಾರಲಿಂಗ ಸಿಕ್ಕ. ಕುರಿ ಕಾಯುವವ, ಐವತ್ತರ ಆಸುಪಾಸು. ಊರ ನಾಟಕದಲ್ಲಿ ಇಪ್ಪತ್ತು ವರ್ಷ ಪರದೆಯ ಹಗ್ಗ ಎಳೆದವನು. ರಾಜನ ಪಾರ್ಟು ಕೇಳಿದಾಗೆಲ್ಲ, ಕುರಿ ಹಿಂದೆ ಹೋಗುವವನಿಗೆ ಕಿರೀಟ ಯಾಕೆ ಎನ್ನುತ್ತಿದ್ದರಂತೆ ಊರವರು.

"ಮಾಸ್ತರ, ನಾ ಬಂದರೂ ರಾಜನ ಪಾರ್ಟ್ ಕೊಡತದೇನ್ರಿ ಅದು?"

"ನೀ ಯಾರಂವಾ ಅಂತ ಕೇಳೂದಿಲ್ಲೋ ಅದು. ಮಾತು ಬಾಯಿಪಾಠ ಮಾಡ್ಕೊಂಡು ಬಾ."

ಮಾತನ್ನೂ ನಾನೇ ಕಟ್ಟಿಕೊಟ್ಟೆ. ಗಾಡಿ ಬರುವತನಕ ಹೇಳಿಸಿದೆ. ಚೆನ್ನಾಗಿ ನುಡಿಯುತ್ತಾನೆ... ನನಗಿಂತ.

ಸಂಜೆ ಈರಣ್ಣನನ್ನು ಕೇಳಿದೆ, ಪೆಟ್ಟಿಗೆಗೆ ಮಾತು ಕೇಳಿಸುತ್ತದೆಯೇ ಎಂದು. ನಕ್ಕ. ಬಟನ್ ಒತ್ತುವುದಷ್ಟೇ ಅಂದ.

ನಾಳೆ ಶನಿವಾರ. ಗುಂಜಿಗೆ ಹೋಗಿ ಹೇಳಿ ಬರಲು ಹೊತ್ತಿದೆ.

೧೫, ರವಿವಾರ

ಬರೆಯಲಾರೆ.

೧೯, ಗುರುವಾರ

ಶನಿವಾರ ಹೋಗಲಿಲ್ಲ. ಅಷ್ಟು ದೂರದಿಂದ ಅವನೇನು ಬರುತ್ತಾನೆ ಎಂದುಕೊಂಡೆ.

ಬಂದ. ಕ್ಷೌರ ಮಾಡಿಸಿಕೊಂಡು, ಹಳದಿ ರುಮಾಲು ಸುತ್ತಿಕೊಂಡು. ಜೊತೆಗೆ ಹೆಂಡತಿ ಕಾಡವ್ವ, ಊರಿನ ಎಂಟು ಮಂದಿ — ಕಿರೀಟ ಯಾಕೆ ಎಂದವರೂ. ಅವರಿಗೆ ತೋರಿಸಲೆಂದೇ ಕರೆತಂದಿದ್ದ.

ಸರದಿ ಬಂತು. ಈರಣ್ಣ ಬಟನ್ ತೋರಿಸಿದ. ಇವನು ಮುಟ್ಟಲಿಲ್ಲ. ಟಿವಿಗೆ ಕೈ ಮುಗಿದು, ಎರಡು ಹೆಜ್ಜೆ ಹಿಂದೆ ಸರಿದು, ಎದೆ ಸೆಟೆಸಿ ನುಡಿದ —

"ಎಲೈ ರಕ್ಕಸನೆ, ಕೋಟೆಯ ಕಲ್ಲು ನಿನ್ನದಿರಬಹುದು. ಬಾಗಿಲು ನನ್ನದು. ತೆರೆ."

ಪೆಟ್ಟಿಗೆ ಕುಂಯ್ ಎಂದಿತು. ರಕ್ಕಸ ಬಂದು ರಾಜನನ್ನು ನುಂಗಿದ. ಕೇಳಿಸಲಿಲ್ಲವೇನೋ ಎಂದು ಇನ್ನೂ ಗಟ್ಟಿಯಾಗಿ ನುಡಿದ. ಕೋಣೆ ತುಂಬ ನಗೆ. ಗುಂಜಿಯವರದೇ ಹೆಚ್ಚು.

ನಿನಗೆ ಇದನ್ನು ಹೇಳಿದವರು ಯಾರು ಎಂದು ಈರಣ್ಣ ಕೇಳಿದ. ಮೈಲಾರಲಿಂಗ ನನ್ನನ್ನು ನೋಡಿದ. ಹೆಸರು ಹೇಳಲಿಲ್ಲ.

ನಾನು ನಕ್ಕೆ. ಎಲ್ಲರಿಗಿಂತ ಜೋರಾಗಿ. ನಕ್ಕು —

"ಕುರಿ ಜೋಡಿ ಮಾತಾಡಿ ರೂಢಿ ಅದ ಅವಗ" ಎಂದೆ.

ಅವನು ರುಮಾಲು ಬಿಚ್ಚಿ ಕಾಡವ್ವನ ಕೈಗಿಟ್ಟು ಹೊರಗೆ ನಡೆದ. ಅವಳು ಹೋಗುವಾಗ ನನ್ನ ಮುಖ ನೋಡಿಯೇ ಹೋದಳು.

೨೨, ರವಿವಾರ. ಮಧ್ಯಾಹ್ನ

ಪೇಟೆಯಲ್ಲಿ ಬಾಳಪ್ಪ ಸಿಕ್ಕ, ಗುಂಜಿ ಸ್ಟೇಷನ್ನಿನಲ್ಲಿ ಚಹಾ ಮಾರುವವ. ಊರೆಲ್ಲ ಮೈಲಾರಲಿಂಗನನ್ನು ಪೆಟ್ಟಿಗಿ ರಾಜ ಎಂದು ಕರೆಯುತ್ತಿದೆಯಂತೆ. ನಾಟಕದ ಹಗ್ಗ ಎಳೆಯುವುದನ್ನೂ ಬಿಟ್ಟನಂತೆ.

"ಯಾರ ಹೇಳಿದ್ದು ಅಂತ ಕೇಳಿದ್ರ, ನಾನ ತಪ್ಪು ತಿಳಕೊಂಡೆ ಅಂತಾನ್ರಿ" ಎಂದ ಬಾಳಪ್ಪ.

ಹೌದೇ ಎಂದೆ. ಅಷ್ಟೇ ಎಂದೆ. ಚಹಾ ಕುಡಿಸಿ ಕಳಿಸಿದೆ... ಥೂ.

ನಾಳೆ ಬೆಳಿಗ್ಗೆ ಮೊದಲ ಪ್ಯಾಸೆಂಜರಿಗೆ ಗುಂಜಿ. ಮೊದಲು ಅವನ ಮನೆಗಲ್ಲ. ನಕ್ಕ ಎಂಟು ಮಂದಿಯ ಮನೆಗೆ, ಒಂದೊಂದಾಗಿ. ಪ್ರತಿ ಹೊಸ್ತಿಲಲ್ಲಿ ನಿಂತು, ಕೂಗದೆ, ಸುಳ್ಳು ಹೇಳಿದವ ನಾನು ಅನ್ನುತ್ತೇನೆ. ಅದಾದ ಮೇಲೆ ಕಾಡವ್ವನ ಎದುರಿಗೆ ಹೋಗಿ, ಅವಳ ಗಂಡನಿಗೂ ಅದನ್ನೇ ಹೇಳುತ್ತೇನೆ.